ಬಿಸಿಲಿಗೆ ಮೊಡವೆ ಒಣಗುತ್ತೆ ಅಂತಾರೆ, ನನಗೆ ಯಾಕೆ ಕಲೆ ಜಾಸ್ತಿ ಆಯ್ತು?

ಸಪ್ತಾಪುರದ ಓದುಗಿ (ಮೇ 11, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನನಗೆ 23 ವರ್ಷ. ಊರು ಅಣ್ಣಿಗೇರಿ. ಈಗ ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಪಿಎಸ್‌ಐ ಪರೀಕ್ಷೆಗೆ ಓದ್ತಿದ್ದೇನೆ. ಪಿಯುಸಿಯಿಂದಲೂ ಮೊಡವೆ ಕಾಟ. ಗಲ್ಲ, ಗದ್ದ, ದವಡೆ ಅಂಚು, ಅಲ್ಲೇ ಜಾಸ್ತಿ.

ಏಪ್ರಿಲ್‌ನಲ್ಲಿ ಹತ್ತು ದಿನ ಊರಿಗೆ ಹೋಗಿದ್ದೆ. ಬೇಸಿಗೆ ಬಂತು ಅಂದ್ರೆ ನಮ್ಮನೆಯಲ್ಲಿ ಸಂಡಿಗೆ, ಹಪ್ಪಳ, ಶ್ಯಾವಿಗೆ ಕೆಲಸ. ಅವ್ವ ಮತ್ತು ಕಾಕು ಬೆಳಿಗ್ಗೆ ಮಾಳಿಗೆ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಇಟ್ಟು ಕೆಳಗೆ ಹೋಗ್ತಾರೆ, ಕಾಗೆ ಕಾಯೋದು ನನ್ನ ಪಾಲು. ಪುಸ್ತಕ ಹಿಡ್ಕೊಂಡು ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿರ್ತಿದ್ದೆ. ಆದರೆ ಹನ್ನೆರಡು ದಾಟಿದ ಮೇಲೆ ಆ ನೆರಳೂ ಇರ್ತಿರಲಿಲ್ಲ, ಟ್ಯಾಂಕಿನ ಬುಡಕ್ಕೇ ಸರಿದು ಹೋಗಿಬಿಡ್ತಿತ್ತು. ತಲೆ ಮೇಲೆ ಟವಲ್ ಹಾಕ್ಕೊಂಡು ಕೂತಿದ್ದೇ ಕೂತಿದ್ದು.

ನಾಲ್ಕೈದು ದಿನದಲ್ಲಿ ಮೊಡವೆ ಒಣಗಿದ ಹಾಗೆ ಕಂಡವು. ಕೆಂಪು ಇಳಿದಿತ್ತು, ಎಣ್ಣೆ ಎಣ್ಣೆ ಅನ್ನೋದೂ ಕಡಿಮೆ. ಅವ್ವ ಅಂದಳು, "ಕೋಣ್ಯಾಗ ಕುಂತು ಓದಿ ಓದಿ ಆಗಿದ್ದ ಅದು. ಬಿಸಲ ಬಿದ್ದ ಕೂಡ್ಲೆ ಒಣಗಿದ್ವು ನೋಡು." ನನಗೂ ಖುಷಿ ಆಯ್ತು. ಬೇಕಂತಲೇ ಇನ್ನೆರಡು ದಿನ ಜಾಸ್ತಿ ಕೂತೆ.

ವಾಪಸ್ ಬಂದು ಈಗ ಮೂರು ವಾರ. ಹಣೆ ತುಂಬ ಸಣ್ಣ ಸಣ್ಣ ಗಟ್ಟಿ ಗುಳ್ಳೆ ಎದ್ದಿವೆ, ಇವು ಮೊದಲು ಇರಲೇ ಇಲ್ಲ. ಹಳೇ ಕಲೆಗಳು ಬೆಲ್ಲದ ಬಣ್ಣ ಇದ್ದವು, ಈಗ ರೊಟ್ಟಿ ಮೇಲೆ ಹೊತ್ತಿದ ಚುಕ್ಕೆ ಇರುತ್ತಲ್ಲ, ಆ ಥರ ಕಪ್ಪಾಗಿವೆ. ಇಲ್ಲೊಬ್ಬರು ಡಾಕ್ಟರಿಗೆ ತೋರಿಸಿದೆ. ಡಾಕ್ಸಿಸೈಕ್ಲಿನ್ 100 ಮಾತ್ರೆ, ರಾತ್ರಿ ಹಚ್ಚೋಕೆ ಅಡಾಪಲೀನ್ ಜೆಲ್ ಬರೆದುಕೊಟ್ಟರು. ಬಹಳ ಗದ್ದಲ ಇತ್ತು, ಬಿಸಿಲಿನ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನಾ ಮಧ್ಯಾಹ್ನ ಮೂರೂವರೆಗೆ ಗ್ರೌಂಡಿನಲ್ಲಿ ಓಡ್ತೀನಿ. ಮಾತ್ರೆ ಶುರು ಮಾಡಿ ಐದನೇ ದಿನಕ್ಕೆ ಮೂಗು, ಗಲ್ಲದ ಮೇಲ್ಭಾಗ, ಕೈಯ ಹಿಂಬದಿ ಉರಿ ಉರಿ. ಮೂಗಿನ ಚರ್ಮ ಸುಲೀತಿದೆ.

ಹಾಗಾದ್ರೆ ಬಿಸಿಲು ಮೊಡವೆಗೆ ಒಳ್ಳೇದಾ ಕೆಟ್ಟದ್ದಾ? ಸನ್‌ಸ್ಕ್ರೀನ್ ಹಚ್ಚೋಕೂ ಭಯ, ಹೋದ ವರ್ಷ ಒಂದು ತಂದಿದ್ದೆ, ಹಚ್ಚಿದ ವಾರಕ್ಕೇ ಮೊಡವೆ ಜಾಸ್ತಿ ಆಗಿ ರೂಮ್‌ಮೇಟ್‌ಗೆ ಕೊಟ್ಟುಬಿಟ್ಟೆ.

ಹಾವೇರಿ ಫಾರ್ಮಾ (ಮೇ 11, ರಾತ್ರಿ 10:05)

ತಂಗಿ, ನಾನು ಬಿ.ಫಾರ್ಮ್ ಮುಗಿಸಿ ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡ್ತೀನಿ. ಉಳಿದದ್ದು ಆಮೇಲೆ, ಮೊದಲು ಮಾತ್ರೆ ವಿಷಯ.

ಡಾಕ್ಸಿಸೈಕ್ಲಿನ್ ತಗೊಳ್ಳುವಾಗ ಚರ್ಮಕ್ಕೆ ಬಿಸಿಲು ತಡೆಯೋ ಶಕ್ತಿ ಕಡಿಮೆ ಆಗುತ್ತೆ. ಮಾಮೂಲಿ ದಿನ ಏನೂ ಆಗದಷ್ಟು ಬಿಸಿಲಿಗೇ ಸುಟ್ಟ ಹಾಗಾಗುತ್ತೆ. ಮೂಗು, ಗಲ್ಲದ ಮೇಲೆ, ಕೈ ಹಿಂಬದಿ, ನೀವು ಬರೆದ ಜಾಗ ಎಲ್ಲ ಬಿಸಿಲು ನೇರ ಬೀಳೋ ಜಾಗ. ಅಡಾಪಲೀನ್ ಕೂಡ ಮೊದಲ ಕೆಲವು ವಾರ ಚರ್ಮವನ್ನ ಒಣಗಿಸಿ ನಾಜೂಕು ಮಾಡುತ್ತೆ. ಎರಡೂ ಸೇರಿದವು, ಮೇಲಿಂದ ಮೇ ತಿಂಗಳ ಮೂರೂವರೆ ಗಂಟೆ ಬಿಸಿಲು.

ನಾಳೆನೇ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಉರಿ ವಿಷಯ ಹೇಳಿ. ಮುಂದುವರಿಸಬೇಕಾ, ಬೇರೆ ಕೊಡಬೇಕಾ ಅನ್ನೋದು ಅವರು ಹೇಳಲಿ. ಅಲ್ಲೀವರೆಗೆ ಬಿಸಿಲಲ್ಲಿ ಓಟ ಬೇಡ. ಮಾತ್ರೆಯನ್ನ ದೊಡ್ಡ ಲೋಟ ತುಂಬ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಗಂಟಲ ಕೆಳಗೆ ಅಂಟಿಕೊಂಡರೆ ಅನ್ನನಾಳಕ್ಕೆ ಹುಣ್ಣು ಮಾಡುತ್ತೆ. ಪಿಜಿ ಹುಡುಗಿಯರು ರಾತ್ರಿ ಹಾಸಿಗೆ ಮೇಲೆ ಕೂತು ಎರಡು ಗುಟುಕಿನಲ್ಲಿ ನುಂಗಿ ಮಲಗೋದು ಬಹಳ. ಕಬ್ಬಿಣದ ಮಾತ್ರೆ, ಆ್ಯಸಿಡಿಟಿ ಮಾತ್ರೆ ಇದರ ಜೊತೆಗೇ ತಗೋಬೇಡಿ, ಡಾಕ್ಸಿ ಮೈಗೆ ಹತ್ತಲ್ಲ.

ಚಿಗರಿ ಪ್ರಯಾಣಿಕ (ಮೇ 11, ರಾತ್ರಿ 10:30)

ನನಗೂ ಇದೇ ಪ್ರಶ್ನೆ ಇತ್ತು. ನಾನು ಬಿಸಿಲಲ್ಲಿ ಓಡಾಡೋನೇ ಅಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್, ಏಸಿ, ಗಾಜು ಮುಚ್ಚಿರುತ್ತೆ. ಆದರೂ ಬಲ ಗಲ್ಲದ ಮೊಡವೆ ಕಲೆ ಎಡಕ್ಕಿಂತ ಕಪ್ಪು. ಐದು ವರ್ಷದಿಂದ ಇದೇ ಓಡಾಟ.

ಹಳೇ ಹುಬ್ಬಳ್ಳಿ ಕಾಕಾ (ಮೇ 12, ಬೆಳಿಗ್ಗೆ 6:15)

ಮಕ್ಕಳೇ, ನನಗೆ 67 ವರ್ಷ. ನಾವು ಸಣ್ಣವರಿದ್ದಾಗ ಹೊಲದಲ್ಲಿ ಬೆಳಗಿಂದ ಸಂಜೆ ತನಕ ಬಿಸಿಲಲ್ಲೇ ಇರ್ತಿದ್ದೆವು, ಯಾರೂ ಕ್ರೀಮ್ ಹಚ್ಚಿದವರಲ್ಲ. ಬಿಸಿಲಿನಿಂದ ಡಿ ವಿಟಮಿನ್ ಬರುತ್ತೆ. ಈಗಿನವರಿಗೆ ಅದೇ ಕೊರತೆ ಅಂತ ಡಾಕ್ಟರೇ ಹೇಳ್ತಾರೆ. ಬಿಸಿಲಿಗೆ ಇಷ್ಟು ಹೆದರಿಸೋದು ಸರಿ ಕಾಣಲ್ಲ. ಹುಡುಗಿ ಗಾಬರಿ ಆಗಬಾರದು ಅಂತ ಬರೆದೆ.

ಚರ್ಮರೋಗ ವಿದ್ಯಾರ್ಥಿ (ಮೇ 12, ಮಧ್ಯಾಹ್ನ 2:20)

ಹುಬ್ಬಳ್ಳಿಯಲ್ಲಿ ಚರ್ಮರೋಗ ವಿಷಯದಲ್ಲಿ ಸ್ನಾತಕೋತ್ತರ ವೈದ್ಯಕೀಯ ಓದ್ತಿದ್ದೇನೆ. ನಿಮ್ಮ ಮುಖ ನೋಡದೆ ಔಷಧ ಹೇಳಲ್ಲ, ಆದರೆ ಆಗ್ತಿರೋದು ಏನು ಅಂತ ಹೇಳಬಲ್ಲೆ.

ನಿಮ್ಮ ಅವ್ವ ನೋಡಿದ್ದು ಸುಳ್ಳಲ್ಲ. ನಾಲ್ಕು ದಿನ ಬಿಸಿಲು ಬಿದ್ದರೆ ಮೊಡವೆ ತಗ್ಗಿದ ಹಾಗೆ ಕಾಣೋದು ನಿಜ. ಮೈ ಕಪ್ಪಾದಾಗ ಮೊಡವೆಯ ಕೆಂಪು ಅದರಲ್ಲಿ ಮುಚ್ಚಿಹೋಗುತ್ತೆ. ಮೇಲಿನ ಪದರ ಒಣಗುತ್ತೆ. ಜೊತೆಗೆ ಬಿಸಿಲಿನ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಚರ್ಮದ ರೋಗನಿರೋಧಕ ಶಕ್ತಿಯನ್ನ ಸ್ವಲ್ಪ ದಿನ ಮಂಕು ಮಾಡುತ್ತೆ, ಹಾಗಾಗಿ ಊತ ಇಳಿಯುತ್ತೆ. ಇಷ್ಟೇ ಅವರ ಕಣ್ಣಿಗೆ ಬಿದ್ದಿದ್ದು.

ಆದರೆ ಮೊಡವೆ ಸಂಡಿಗೆ ಅಲ್ಲ ನೋಡಿ. ಸಂಡಿಗೆಯಲ್ಲಿ ಇರೋ ನೀರು ಹೋದರೆ ಕೆಲಸ ಮುಗೀತು. ಮೊಡವೆಯ ಬೇರು ಒಳಗಿದೆ. ಪ್ರತಿ ಕೂದಲ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತೆ. ಹಾರ್ಮೋನಿನಿಂದ ಎಣ್ಣೆ ಜಾಸ್ತಿ ಬಂದು, ಸತ್ತ ಚರ್ಮದ ಪುಡಿ ಸೇರಿ ರಂಧ್ರದ ಬಾಯಿ ಕಟ್ಟಿದಾಗ ಗುಳ್ಳೆ ಶುರು. ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ಕೆಂಪು, ಕೀವು, ನೋವು. ಮೇಲೆ ಒಣಗಿಸಿದರೆ ಈ ಬಾಯಿ ಬಿಚ್ಚಲ್ಲ. ಬದಲಿಗೆ ಇನ್ನಷ್ಟು ಕಟ್ಟುತ್ತೆ, ಯಾಕಂದ್ರೆ ಬಿಸಿಲು ತಡೆಯೋಕೆ ಅಂತ ಚರ್ಮ ತನ್ನ ಮೇಲ್ಪದರವನ್ನ ದಪ್ಪ ಮಾಡಿಕೊಳ್ಳುತ್ತೆ.

ಇನ್ನೊಂದು ವಿಷಯ ಇದೆ, ನನಗೆ ಓದುವಾಗ ಬಹಳ ಹಿಡಿಸಿದ್ದು. ನಮ್ಮ ಮುಖದ ಎಣ್ಣೆಯಲ್ಲಿ ಸ್ಕ್ವಾಲೀನ್ ಅಂತ ಒಂದು ಅಂಶ ಸುಮಾರು 12% ಇರುತ್ತೆ. ಶೇಂಗಾ ಎಣ್ಣೆ ಡಬ್ಬಿ ಬಿಸಿಲಲ್ಲಿಟ್ಟರೆ ಕಮಟು ವಾಸನೆ ಬರುತ್ತಲ್ಲ, ಅದೇ ಥರ ಈ ಸ್ಕ್ವಾಲೀನ್ ಬಿಸಿಲಿಗೆ ಕೆಡುತ್ತೆ. ಕೆಟ್ಟ ಸ್ಕ್ವಾಲೀನ್ ರಂಧ್ರದ ಬಾಯಿ ಕಟ್ಟೋದರಲ್ಲಿ ಬಹಳ ಜೋರು. ಆದರೆ ಕಟ್ಟಿದ ದಿನವೇ ಗುಳ್ಳೆ ಕಾಣಲ್ಲ, ವಾರಗಟ್ಟಲೆ ಬೇಕು. ಅದಕ್ಕೇ ಜನ ಎರಡಕ್ಕೂ ಗಂಟು ಹಾಕಲ್ಲ. ಊರಲ್ಲಿ ಒಣಗಿತು, ಧಾರವಾಡದ ನೀರಿಗೆ ಮತ್ತೆ ಬಂತು ಅಂತಾರೆ. ನಿಮ್ಮ ಹಣೆಯ ಗುಳ್ಳೆಗೆ ಇದು ಒಂದು ಕಾರಣ ಇರಬಹುದು.

ಕಲೆ ಬಗ್ಗೆ ಇನ್ನೂ ಸ್ಪಷ್ಟ. ಮೊಡವೆ ಮಾಯುವಾಗ ಆ ಜಾಗದಲ್ಲಿ ಮೆಲನಿನ್ ಅನ್ನೋ ಬಣ್ಣ ಜಾಸ್ತಿ ಸುರಿಯುತ್ತೆ. ಅಮೆರಿಕದ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಚರ್ಮವೈದ್ಯರು 1975ರಲ್ಲಿ ಬಿಸಿಲಿಗೆ ಚರ್ಮ ಸುಡುತ್ತಾ ಕಪ್ಪಾಗುತ್ತಾ ಅಂತ ನೋಡಿ ವರ್ಗ ಮಾಡಿದರು, ಈಗ ಅದರಲ್ಲಿ ಆರು ವರ್ಗ. ನಮ್ಮ ಕಡೆಯವರು ಹೆಚ್ಚಾಗಿ 4 ಮತ್ತು 5ರಲ್ಲಿ ಬರ್ತೀವಿ. ನಮಗೆ ಸುಡೋದು ಕಡಿಮೆ, ಕಲೆ ಉಳಿಯೋದು ಜಾಸ್ತಿ. ಸುಮ್ನೆ ಬಿಟ್ಟರೆ ತಿಂಗಳುಗಳಲ್ಲಿ ತಾನೇ ತಿಳಿಯಾಗೋ ಕಲೆ, ಬಿಸಿಲು ಬಿದ್ದರೆ ಪ್ರತಿ ದಿನ ಹೊಸದಾಗಿ ಬಣ್ಣ ಹೊಡೆದ ಹಾಗೆ.

ಕಾಕಾ, ನಿಮ್ಮ ಮಾತನ್ನ ತಳ್ಳಿಹಾಕ್ತಿಲ್ಲ. ಡಿ ವಿಟಮಿನ್ ಬೇಕೇ ಬೇಕು. ಆದರೆ ಅದಕ್ಕೆ ಮುಖವೇ ಆಗಬೇಕಿಲ್ಲ. ಕೈ, ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬಿದ್ದರೂ ಆಗುತ್ತೆ, ಕೊರತೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಕೊಡ್ತೀವಿ. ಬೆಳಕಿನಿಂದ ಚರ್ಮರೋಗ ವಾಸಿ ಮಾಡಬಹುದು ಅನ್ನೋದೂ ನಿಜವೇ. ಡೆನ್ಮಾರ್ಕಿನ ಫಿನ್ಸೆನ್ ಅವರು ಚರ್ಮದ ಕ್ಷಯವನ್ನ ಬೆಳಕಿನಿಂದ ಗುಣ ಮಾಡಿದ್ದಕ್ಕೆ 1903ರಲ್ಲಿ ನೊಬೆಲ್ ಬಂತು. ಮೊಡವೆಗೂ ಈಗ ನೀಲಿ ಬೆಳಕಿನ ಚಿಕಿತ್ಸೆ ಇದೆ, 415 ನ್ಯಾನೋಮೀಟರ್ ಹತ್ತಿರದ ಬೆಳಕು ಆ ಬ್ಯಾಕ್ಟೀರಿಯಾ ಒಳಗಿನ ಪಾರ್ಫಿರಿನ್ ಅನ್ನೋ ವಸ್ತುವಿಗೆ ತಾಗಿ ಅದನ್ನ ಸಾಯಿಸುತ್ತೆ. ಆದರೆ ಆ ದೀಪದಲ್ಲಿ ಅತಿನೇರಳೆ ಕಿರಣ ಇರಲ್ಲ. ಬಿಸಿಲಲ್ಲಿ ಆರಿಸಿಕೊಳ್ಳೋಕೆ ಆಗಲ್ಲ, ಬೇಕಾದ್ದು ಬೇಡಾದ್ದು ಎಲ್ಲ ಒಟ್ಟಿಗೇ ಬೀಳುತ್ತೆ.

ಗದಗ ವಿಜ್ಞಾನ ಮೇಷ್ಟ್ರು (ಮೇ 12, ಸಂಜೆ 5:10)

ಟ್ಯಾಂಕಿನ ನೆರಳು ಬುಡಕ್ಕೆ ಹೋಯ್ತು ಅಂತ ಬರೆದಿದ್ದೀರಲ್ಲ, ಅದನ್ನ ಓದಿ ನಾನು ಬರೀಲೇಬೇಕು ಅನ್ನಿಸ್ತು. ನಮ್ಮ ಗದಗ, ಅಣ್ಣಿಗೇರಿ, ಧಾರವಾಡ ಎಲ್ಲ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳಲ್ಲ. ಆಗಸ್ಟ್ ಎರಡನೇ ವಾರದಲ್ಲಿ ಇನ್ನೊಮ್ಮೆ ಹೀಗಾಗುತ್ತೆ, ಆಗ ಮೋಡ ಇರೋದ್ರಿಂದ ನಮಗೆ ಗೊತ್ತಾಗಲ್ಲ. ಅಂದ್ರೆ ನೀವು ಹೆಚ್ಚುಕಡಿಮೆ ವರ್ಷದಲ್ಲೇ ಅತಿ ನೇರವಾದ ಬಿಸಿಲಿನ ದಿನಗಳಲ್ಲಿ ಸಂಡಿಗೆ ಕಾದಿದ್ದೀರಿ. ಸಂಡಿಗೆಗೆ ಅದೇ ಬೇಕು, ಮುಖಕ್ಕೆ ಬೇಡ.

ಮಕ್ಕಳಿಗೆ ನಾನು ಹೇಳಿಕೊಡೋದು: ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಅತಿನೇರಳೆ ಕಿರಣ ಜೋರಾಗಿದೆ, ಉದ್ದ ಇದ್ದರೆ ಕಡಿಮೆ. ಯಾವ ಮೊಬೈಲ್ ಆ್ಯಪೂ ಬೇಡ. ಗ್ರೌಂಡಿನಲ್ಲಿ ನಿಂತು ನೋಡ್ಕೊಳ್ಳಿ. ಮೂರೂವರೆಗೆ ಈಗ ನೆರಳು ನಿಮಗಿಂತ ಗಿಡ್ಡವೇ ಇರುತ್ತೆ. ಐದಕ್ಕೆ ಓಡಿದರೆ ಎಷ್ಟೋ ವಾಸಿ, ಬೆಳಿಗ್ಗೆ ಆರಕ್ಕಾದರೆ ಇನ್ನೂ ಒಳ್ಳೇದು.

ಬೆಟಗೇರಿ ಅಕ್ಕ (ಮೇ 12, ರಾತ್ರಿ 8:50)

ತಂಗಿ, ಕಲೆ ಹೋಗಲಿ ಅಂತ ಅವಸರಕ್ಕೆ ಸಿಕ್ಕ ಕ್ರೀಮ್ ಹಚ್ಚಬೇಡ. ನನ್ನ ಕಥೆ ಹೇಳ್ತೀನಿ.

ನನಗೂ ಮೊಡವೆ ಕಲೆ ಇದ್ದವು. ಮದುವೆ ಗೊತ್ತಾದಾಗ ಪರಿಚಯದವರೊಬ್ಬರು ಒಂದು ಟ್ಯೂಬ್ ತಂದುಕೊಟ್ಟರು. ಹದಿನೈದು ದಿನಕ್ಕೆ ಮುಖ ಕನ್ನಡಿ ಹಾಗೆ. ಎಲ್ಲರೂ ಕೇಳೋರೇ. ಎರಡು ವರ್ಷ ಬಿಡದೆ ಹಚ್ಚಿದೆ. ಒಂದು ದಿನ ಖಾಲಿ ಆಗಿ ಒಂದು ವಾರ ಬಿಟ್ಟೆ ನೋಡಿ, ಮುಖ ಕೆಂಪು ಕೆಂಡ. ಗದ್ದ, ಗಲ್ಲ ತುಂಬ ಒಂದೇ ಅಳತೆಯ ಗುಳ್ಳೆ. ಗಲ್ಲದ ಮೇಲೆ ಸಣ್ಣ ಕೂದಲು ಬೇರೆ. ಅಂಗಳಕ್ಕೆ ಬಿಸಿಲಿಗೆ ಬಂದರೆ ಸೂಜಿ ಚುಚ್ಚಿದ ಹಾಗೆ. ಬಿಸಿಲು ಬಿಡು, ಒಲೆ ಮುಂದೆ ಕೂತು ರೊಟ್ಟಿ ಬಡಿಯೋಕೆ ಆಗ್ತಿರಲಿಲ್ಲ. ನಾಲ್ಕನೇ ರೊಟ್ಟಿ ಹಂಚಿಗೆ ಹಾಕೋ ಹೊತ್ತಿಗೆ ಎದ್ದು ಹೋಗಿ ತಣ್ಣೀರಿಗೆ ಮುಖ ಒಡ್ಡಬೇಕು. ಅತ್ತೆ ಪಾಪ ಆರು ತಿಂಗಳು ಅವರೇ ರೊಟ್ಟಿ ಮಾಡಿದರು.

ಡಾಕ್ಟರ್ ಟ್ಯೂಬ್ ಓದಿ ನೋಡಿ ಇದರಲ್ಲಿ ಸ್ಟೆರಾಯ್ಡ್ ಇದೆ ಅಂದರು. ಪೂರ್ತಿ ಸರಿಯಾಗೋಕೆ ವರ್ಷದ ಮೇಲಾಯ್ತು. ಈಗಲೂ ಬಿಸಿಲಿಗೆ ಬೇಗ ಕೆಂಪಾಗುತ್ತೆ. ನಿಮ್ಮನೆಯಲ್ಲೂ ಯಾರಾದರೂ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತಿದ್ದರೆ ಇವತ್ತೇ ಟ್ಯೂಬ್ ತೆಗೆದು ಓದಿ.

ಹಾವೇರಿ ಫಾರ್ಮಾ (ಮೇ 12, ರಾತ್ರಿ 9:30)

ಅಕ್ಕಾ ಬರೆದಿದ್ದು ನೂರಕ್ಕೆ ನೂರು ನಿಜ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ಇವು ಕೆಟ್ಟ ಔಷಧ ಅಲ್ಲ, ಬೇರೆ ಚರ್ಮರೋಗಕ್ಕೆ ಡಾಕ್ಟರು ಲೆಕ್ಕ ಇಟ್ಟು ಕೊಡ್ತಾರೆ. ಮೊಡವೆ ಇರೋ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚೋದಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬಿನ ಮೇಲೆ ಎಡಗಡೆ ಕೆಂಪು ಗೆರೆ ಇದ್ದರೆ ಅದು ಚೀಟಿ ಔಷಧ. ಚೀಟಿ ಇಲ್ಲದೆ ಬಂದವರನ್ನ ನಾನು ವಾಪಸ್ ಕಳಿಸ್ತೀನಿ, ಬೈದು ಹೋಗ್ತಾರೆ. ಹೋಗಲಿ.

ನವನಗರದ ತಾಯಿ (ಮೇ 13, ಬೆಳಿಗ್ಗೆ 11:00)

ನನ್ನ ಮಗನಿಗೆ 15. ರಜೆ ಅಂತ ಬೆಳಗಿಂದ ಕ್ರಿಕೆಟ್. ಹಣೆ ತುಂಬ ಮೊಡವೆ. ಅತ್ತೆಯವರು ತಲೆ ತಂಪಿರಲಿ ಅಂತ ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸ್ತಾರೆ. ಮನೆಯಲ್ಲಿ ಲಿಂಬೆಹಣ್ಣಿನ ರಸ ಹಚ್ಚಿದರೆ ಕಲೆ ಹೋಗುತ್ತೆ ಅಂತಲೂ ಹೇಳ್ತಿದ್ದಾರೆ. ಮಾವಿನಹಣ್ಣು ನಿಲ್ಲಿಸಬೇಕಾ? ಧಾರವಾಡ ಆಪೂಸು ಈಗಷ್ಟೇ ಬಂದಿದೆ, ಅವನು ಬಿಡಲ್ಲ.

ಚರ್ಮರೋಗ ವಿದ್ಯಾರ್ಥಿ (ಮೇ 13, ರಾತ್ರಿ 10:15)

ಮೇಡಂ, ಲಿಂಬೆರಸ ಮಾತ್ರ ಖಂಡಿತ ಬೇಡ. ಲಿಂಬೆಯಲ್ಲಿ ಫ್ಯುರೋಕೌಮರಿನ್ ಅಂತ ಒಂದು ವಸ್ತು ಇದೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯದ ಥರ ಗುಳ್ಳೆ ಏಳುತ್ತೆ, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ. ಕಲೆ ಕಳೆಯೋಕೆ ಹೋಗಿ ಕಲೆ ಕೊಂಡ ಹಾಗೆ. ಗದ್ದದಿಂದ ಕುತ್ತಿಗೆವರೆಗೆ ರಸ ಇಳಿದ ಗೆರೆಯೇ ಅಚ್ಚೊತ್ತಿ ನಿಂತಿದ್ದನ್ನ ಕಣ್ಣಾರೆ ನೋಡಿದ್ದೇನೆ.

ಎಣ್ಣೆ ರಾತ್ರಿ ಹಚ್ಚಿ ಬೆಳಿಗ್ಗೆ ತಲೆ ತೊಳೆದು ಕಳಿಸಿ. ಎಣ್ಣೆ ಬೆವರಿನ ಜೊತೆ ಹಣೆಗೆ ಇಳಿದು ರಂಧ್ರ ಕಟ್ಟುತ್ತೆ, ಅದರ ಮೇಲೆ ಟೋಪಿ ಉಜ್ಜುತ್ತೆ. ಅತ್ತೆಯವರಿಗೆ ಎಣ್ಣೆ ಬಿಡಿ ಅನ್ನಬೇಡಿ, ಹೊತ್ತು ಬದಲಿಸಿ ಅಂತ ಹೇಳಿ, ಒಪ್ಪುತ್ತಾರೆ. ಮಾವು ತಿನ್ನಲಿ. ಸಿಹಿ ಪಾನೀಯ, ಬೇಕರಿ ತಿಂಡಿ ಕಡಿಮೆ ಮಾಡಿದರೆ ಅದೇ ಹೆಚ್ಚು ಉಪಯೋಗ. ಮಾವಿನ ತೊಟ್ಟಿನ ಸೊನೆ ಬಾಯಿ ಸುತ್ತ ತಾಗಿದರೆ ಉರಿ, ಗುಳ್ಳೆ ಬರುತ್ತೆ, ಅದನ್ನೇ ಮೊಡವೆ ಅಂದುಕೊಳ್ಳೋರಿದ್ದಾರೆ. ತೊಟ್ಟು ಕತ್ತರಿಸಿ ತೊಳೆದು ಕೊಡಿ.

ಚಿಗರಿ ಅಣ್ಣಾ, ನಿಮ್ಮದು ಕುತೂಹಲದ ಕೇಸು. ಯಾವ ಕಡೆ ಕೂರ್ತೀರಿ?

ಚಿಗರಿ ಪ್ರಯಾಣಿಕ (ಮೇ 13, ರಾತ್ರಿ 10:40)

ಹೋಗೋವಾಗಲೂ ಬರೋವಾಗಲೂ ಬಲಗಡೆ ಕಿಟಕಿ. ಅಭ್ಯಾಸ.

ಗದಗ ವಿಜ್ಞಾನ ಮೇಷ್ಟ್ರು (ಮೇ 14, ಬೆಳಿಗ್ಗೆ 7:00)

ಹಾಗಾದ್ರೆ ಲೆಕ್ಕ ಸರಿ ಹೋಯ್ತು. ಹುಬ್ಬಳ್ಳಿಯಿಂದ ಧಾರವಾಡ ವಾಯವ್ಯಕ್ಕೆ. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ಅಂದ್ರೆ ನಿಮ್ಮ ಬಲಕ್ಕೆ. ಸಂಜೆ ವಾಪಸ್ ಆಗ್ನೇಯಕ್ಕೆ ಬರ್ತೀರಿ, ಸೂರ್ಯ ಪಶ್ಚಿಮದಲ್ಲಿ, ಮತ್ತೆ ಬಲಕ್ಕೇ. ಎರಡು ಹೊತ್ತೂ ಒಂದೇ ಗಲ್ಲಕ್ಕೆ.

ಚರ್ಮರೋಗ ವಿದ್ಯಾರ್ಥಿ (ಮೇ 14, ಮಧ್ಯಾಹ್ನ 1:30)

ಸರ್, ಇದನ್ನ ನಾನು ಯೋಚನೆ ಮಾಡಿರಲಿಲ್ಲ, ಥ್ಯಾಂಕ್ಸ್. ಬಿಸಿಲಿನ ಅತಿನೇರಳೆ ಕಿರಣದಲ್ಲಿ ಯುವಿಬಿ, ಯುವಿಎ ಅಂತ ಎರಡು ಥರ ನಮ್ಮನ್ನ ತಾಗುತ್ತೆ. ಯುವಿಬಿ ಚರ್ಮ ಸುಡುತ್ತೆ, ಅದನ್ನ ಕಿಟಕಿ ಗಾಜು ತಡೆಯುತ್ತೆ. ಯುವಿಎ ಆಳಕ್ಕೆ ಇಳಿದು ಕಪ್ಪು ಮಾಡುತ್ತೆ, ಅದು ಮಾಮೂಲಿ ಗಾಜು ದಾಟಿ ಬರುತ್ತೆ. ಅದಕ್ಕೇ ಏಸಿ ಬಸ್ಸಲ್ಲಿ ಉರಿ ಗೊತ್ತಾಗಲ್ಲ, ಕಲೆ ಮಾತ್ರ ಕಪ್ಪಾಗ್ತಾ ಹೋಗುತ್ತೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವರ್ಷದವರ ಫೋಟೋ ಬಂದಿತ್ತು. ಅಲ್ಲಿ ಡ್ರೈವರ್ ಕೂರೋದು ಎಡಗಡೆ. ಎಡ ಗಲ್ಲ ಪೂರ್ತಿ ಸುಕ್ಕುಗಟ್ಟಿ ದಪ್ಪ ಆಗಿದೆ, ಬಲಗಡೆ ಅಷ್ಟಿಲ್ಲ. ಆದರೂ ಒಂದು ಮಾತು, ಬಲಕ್ಕೇ ಮಲಗೋದು, ಬಲಕ್ಕೇ ಫೋನ್ ಹಿಡಿಯೋದು ಇದ್ದರೆ ಅದರ ಉಜ್ಜಾಟಕ್ಕೂ ಒಂದೇ ಕಡೆ ಮೊಡವೆ ಜಾಸ್ತಿ ಆಗುತ್ತೆ. ಎರಡೂ ನೋಡ್ಕೊಳ್ಳಿ.

ಈಗ ಸನ್‌ಸ್ಕ್ರೀನ್. ಓದುಗಿ ಅವರೇ, ಹೋದ ವರ್ಷ ನಿಮಗೆ ಮೊಡವೆ ಬಂದಿದ್ದು ಸನ್‌ಸ್ಕ್ರೀನ್ ಅನ್ನೋದಕ್ಕೇ ಅಲ್ಲ, ಬಹುಶಃ ಆ ಕ್ರೀಮಿನ ಜಿಡ್ಡಿಗೆ. ಇದು ಹಳೇ ಸಮಸ್ಯೆ. ಉತ್ತರ ಯುರೋಪಿನವರು ರಜೆಗೆ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿ ಬಿಸಿಲು ಕಾಯಿಸಿ ಬಂದ ಮೇಲೆ ಎದೆ, ತೋಳಿಗೆ ಗುಳ್ಳೆ ಏಳ್ತಿದ್ದವು, 1970ರ ದಶಕದಲ್ಲಿ ಅದಕ್ಕೆ ಮಯೋರ್ಕಾ ಮೊಡವೆ ಅಂತಲೇ ಹೆಸರು ಬಂತು. ಜಿಡ್ಡಿನ ಕ್ರೀಮ್ ಮತ್ತು ಯುವಿಎ ಎರಡೂ ಸೇರಿ ಆಗೋದು. ನೀವು ಜೆಲ್ ಥರದ್ದು, ಡಬ್ಬಿ ಮೇಲೆ ನಾನ್ ಕಾಮಿಡೋಜೆನಿಕ್ (ಅಂದ್ರೆ ರಂಧ್ರ ಕಟ್ಟದ್ದು) ಅಂತ ಇರೋದು ತಗೊಳ್ಳಿ. ಎಸ್‌ಪಿಎಫ್ 30 ಇದ್ದರೆ ಯುವಿಬಿ ಸುಮಾರು 97% ತಡೆಯುತ್ತೆ, 50 ಇದ್ದರೆ 98%. ಅದಕ್ಕೆ ಮೇಲೆ ಹೋಗಿ ದುಡ್ಡು ಹಾಕೋದು ಬೇಡ. ಆದರೆ ಪಕ್ಕದಲ್ಲಿ ಪಿಎ ಮತ್ತು ಮೂರು ನಾಲ್ಕು ಪ್ಲಸ್ ಗುರುತು ಇರಲಿ, ಅದು ಯುವಿಎಗೆ. ಕಲೆ ಇರೋರಿಗೆ ಬಣ್ಣ ಸೇರಿಸಿದ ಟಿಂಟೆಡ್ ಸನ್‌ಸ್ಕ್ರೀನ್ ಇನ್ನೂ ಒಳ್ಳೇದು. ಕಣ್ಣಿಗೆ ಕಾಣೋ ಬೆಳಕೂ ನಮ್ಮಂಥ ಚರ್ಮವನ್ನ ಕಪ್ಪು ಮಾಡುತ್ತೆ, ಅದನ್ನ ಅದರಲ್ಲಿರೋ ಐರನ್ ಆಕ್ಸೈಡ್ ತಡೆಯುತ್ತೆ.

ಎಷ್ಟು ಹಚ್ಚಬೇಕು ಅನ್ನೋದರಲ್ಲೇ ಎಲ್ಲರೂ ತಪ್ಪೋದು. ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತೋ ಅಷ್ಟು, ಮುಖ ಕುತ್ತಿಗೆ ಸೇರಿ. ಡಬ್ಬಿ ಮೇಲಿನ ಎಸ್‌ಪಿಎಫ್ ಅಳೆಯೋದೇ ಅಷ್ಟು ದಪ್ಪ ಹಚ್ಚಿ. ಕಡಲೆಕಾಳಿನಷ್ಟು ಸವರಿದರೆ 50 ಅಂತ ಬರೆದಿದ್ದು ನಿಮಗೆ ಸಿಗಲ್ಲ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ, ಬೆವರಿದರೆ ಅದಕ್ಕೂ ಮೊದಲು. ರಾತ್ರಿ ಮಲಗೋ ಮುಂಚೆ ತೊಳೀಲೇಬೇಕು.

ಸಪ್ತಾಪುರದ ಓದುಗಿ (ಮೇ 14, ರಾತ್ರಿ 9:00)

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಡಾಕ್ಸಿ ನಿಲ್ಲಿಸಿ ಬರೋಕೆ ಹೇಳಿದ್ದಾರೆ.

ಒಂದು ಕಷ್ಟ ಇದೆ, ನೇರವಾಗಿ ಹೇಳ್ತೀನಿ. ಸನ್‌ಸ್ಕ್ರೀನ್ ಟ್ಯೂಬ್ ನಾಲ್ಕೈದು ನೂರು ರೂಪಾಯಿ. ಎರಡು ಬೆರಳಷ್ಟು, ದಿನಕ್ಕೆ ಎರಡು ಸಲ ಅಂದ್ರೆ 50 ಗ್ರಾಂ ಟ್ಯೂಬ್ ಒಂದು ತಿಂಗಳೂ ಬರಲ್ಲ. ಅಪ್ಪ ಕಳಿಸೋ ದುಡ್ಡಲ್ಲಿ ಪಿಜಿ ಬಾಡಿಗೆ, ಕೋಚಿಂಗ್ ಫೀ ಹೋದ ಮೇಲೆ ಇದಕ್ಕೆ ಕೇಳೋಕೆ ಮನಸ್ಸು ಬರಲ್ಲ.

ಬ್ಯಾಡಗಿ ಹುಡುಗ (ಮೇ 14, ರಾತ್ರಿ 9:45)

ಅಕ್ಕಾ, ನಾನು ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಕೆಲಸ ಮಾಡೋನು. ಸೀಸನ್‌ನಲ್ಲಿ ಇಡೀ ದಿನ ಅಂಗಳದ ಬಿಸಿಲಲ್ಲಿ. ನಮಗೆ ಕ್ರೀಮ್ ಲೆಕ್ಕಕ್ಕೇ ಬರಲ್ಲ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ, ಕುತ್ತಿಗೆಗೆ ಟವಲ್. ಇದರಲ್ಲೇ ನನ್ನ ಕುತ್ತಿಗೆ ಹಿಂದಿನ ಉರಿ ನಿಂತಿತು. ಆದರೆ ಟವಲ್ ದಿನಾ ಒಗೀಬೇಕು. ಮೆಣಸಿನಕಾಯಿ ಧೂಳು, ಬೆವರು ಸೇರಿದ ಅದೇ ಟವಲ್‌ನಿಂದ ಮುಖ ಒರೆಸಿದ್ದಕ್ಕೆ ನನಗೆ ಒಂದು ವಾರ ಮುಖ ಬಾತಿತ್ತು.

ನನ್ನದೂ ಒಂದು ಪ್ರಶ್ನೆ. ಬೆನ್ನು, ಎದೆ, ಹಣೆ ಮೇಲೆ ಒಂದೇ ಥರ ಸಣ್ಣ ಗುಳ್ಳೆ, ಬೆವರಿದಾಗ ವಿಪರೀತ ಕಡಿತ. ಮೊಡವೆ ಮಾತ್ರೆ ಎರಡು ತಿಂಗಳು ತಗೊಂಡೆ, ಜಾಸ್ತಿನೇ ಆಯ್ತು.

ಚರ್ಮರೋಗ ವಿದ್ಯಾರ್ಥಿ (ಮೇ 15, ರಾತ್ರಿ 8:00)

ಬ್ಯಾಡಗಿ ತಮ್ಮಾ, ಕಡಿತ ಇದೆ, ಎಲ್ಲ ಒಂದೇ ಅಳತೆ, ಮೊಡವೆ ಮಾತ್ರೆಗೆ (ಅದು ಸಾಮಾನ್ಯವಾಗಿ ಆ್ಯಂಟಿಬಯೋಟಿಕ್) ಜಾಸ್ತಿ ಆಯ್ತು, ಈ ಮೂರೂ ಸೇರಿದರೆ ಅದು ಮೊಡವೆ ಅಲ್ಲದೆ ಮಲಸೀಜಿಯಾ ಅನ್ನೋ ಶಿಲೀಂಧ್ರದ ಗುಳ್ಳೆ ಇರಬಹುದು. ಬೆವರು ಅದಕ್ಕೆ ಅನುಕೂಲ. ಔಷಧವೇ ಬೇರೆ. ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ, ಈಗ ಬರೆದದ್ದನ್ನೇ ಅಲ್ಲೂ ಹೇಳಿ.

ಓದುಗಿ ಅವರೇ, ದುಡ್ಡಿನ ಮಾತು ಹೇಳಿದ್ದು ಒಳ್ಳೇದಾಯ್ತು. ಎಲ್ಲದಕ್ಕೂ ಮೊದಲು ನೆರಳು, ಆಮೇಲೆ ಬಟ್ಟೆ, ಅವೆರಡೂ ಮುಚ್ಚದ ಜಾಗಕ್ಕೆ ಕ್ರೀಮ್. ಓಟವನ್ನ ಬೆಳಿಗ್ಗೆ ಆರಕ್ಕೆ ಬದಲಿಸಿದರೆ ಅರ್ಧ ಟ್ಯೂಬ್ ಉಳೀತು. ಕ್ಲಾಸಿಗೆ ನಡೆದು ಹೋಗುವಾಗ ಛತ್ರಿ ಹಿಡಿಯಿರಿ, ಯಾರು ಏನಂದುಕೊಳ್ತಾರೋ ಅಂತ ಬಿಡಬೇಡಿ. ಸ್ಕೂಟರ್‌ನಲ್ಲಿ ಹೋಗೋರು ಕಟ್ಟೋ ಸ್ಕಾರ್ಫ್ ಬಹಳ ಒಳ್ಳೇದು, ಒತ್ತಾಗಿ ನೇಯ್ದ ಹತ್ತಿ ಬಟ್ಟೆ, ಗಾಢ ಬಣ್ಣ. ತೆಳು ಶಿಫಾನ್ ಕಟ್ಟಿದರೆ ಕಿರಣ ಒಳಗೆ ಬರುತ್ತೆ. ಮೂಗು, ಗದ್ದದ ಮೇಲೆ ಬಿಗಿದು ಕಟ್ಟಬೇಡಿ, ದಿನಾ ಒಗೆದದ್ದು ಕಟ್ಟಿ. ಕೋಣೆಯಲ್ಲಿ ಕಿಟಕಿಯಿಂದ ದೂರ ಕೂತು ಓದೋ ದಿನ ಸನ್‌ಸ್ಕ್ರೀನ್ ಮೇಲೆ ಮೇಲೆ ಹಚ್ಚೋದು ಬೇಕಿಲ್ಲ.

ಅಡಾಪಲೀನ್ ಬಗ್ಗೆ ನಿಮ್ಮ ಡಾಕ್ಟರ್ ಮುಂದುವರಿಸಿ ಅಂದರೆ, ಮುಖದ ಉರಿ ಪೂರ್ತಿ ಇಳಿದ ಮೇಲೆ ರಾತ್ರಿ, ಒಣ ಮುಖಕ್ಕೆ, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ. ಮೊದಲು ದಿನ ಬಿಟ್ಟು ದಿನ. ಫಲ ಕಾಣೋಕೆ ಎಂಟರಿಂದ ಹನ್ನೆರಡು ವಾರ ಬೇಕು. ಜನ ಮೂರನೇ ವಾರಕ್ಕೆ ಬೇಜಾರಾಗಿ ಬಿಡ್ತಾರೆ, ನನಗೆ ಅದೇ ಬಹಳ ಸಂಕಟ ಅನ್ನಿಸೋದು.

ಹಳೇ ಹುಬ್ಬಳ್ಳಿ ಕಾಕಾ (ಮೇ 16, ಬೆಳಿಗ್ಗೆ 6:30)

ಎಲ್ಲ ಓದಿದೆ ತಮ್ಮಾ. ಹೊಲದಲ್ಲಿ ನಾವೂ ತಲೆಗೆ ರುಮಾಲು ಸುತ್ತದೆ ಇಳೀತಿರಲಿಲ್ಲ, ಹನ್ನೆರಡಕ್ಕೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಮೂರರ ತನಕ ಏಳ್ತಿರಲಿಲ್ಲ. ಮೊದಲು ಬರೆಯುವಾಗ ಇದು ನೆನಪಾಗಿರಲಿಲ್ಲ. ನೆರಳು ಮೊದಲು ಅಂದಿರಲ್ಲ, ಅದು ಸರಿ.

ಸಪ್ತಾಪುರದ ಓದುಗಿ (ಆಗಸ್ಟ್ 3, ರಾತ್ರಿ 9:20)

ಹನ್ನೊಂದು ವಾರ ಆಯ್ತು, ಹೇಳದೆ ಇರಬಾರದು ಅಂತ ಬಂದೆ.

ಓಟ ಬೆಳಿಗ್ಗೆ ಆರಕ್ಕೆ. ಒಂದು ಛತ್ರಿ ತಗೊಂಡೆ, ಈಗ ಮಳೆಗೂ ಆಯ್ತು. ಜೆಲ್ ಸನ್‌ಸ್ಕ್ರೀನ್ ಹಚ್ಚಿದ್ದಕ್ಕೆ ಹೊಸ ಮೊಡವೆ ಬರಲಿಲ್ಲ. ಅಡಾಪಲೀನ್ ಮೊದಲ ತಿಂಗಳು ಬಾಯಿ ಪಕ್ಕ ಚರ್ಮ ಎದ್ದು ಬಹಳ ಕಷ್ಟ ಕೊಟ್ಟಿತು, ನಿಮ್ಮ ಮಾತು ನೆನೆದು ಬಿಡಲಿಲ್ಲ. ಹಣೆಯ ಗುಳ್ಳೆ ಹೆಚ್ಚುಕಡಿಮೆ ಹೋಗಿವೆ. ಕಲೆ ಇನ್ನೂ ಇವೆ, ಆದರೆ ಮತ್ತೆ ಬೆಲ್ಲದ ಬಣ್ಣಕ್ಕೆ ಬಂದಿವೆ. ಗದ್ದದ ಮೇಲೆ ತಿಂಗಳಿಗೊಮ್ಮೆ ಎರಡು ಮೂರು ಮೊಡವೆ ಬರೋದು ನಿಂತಿಲ್ಲ, ಡಾಕ್ಟರ್ ಹಾರ್ಮೋನ್ ಟೆಸ್ಟ್ ಮಾಡಿಸೋಕೆ ಹೇಳಿದ್ದಾರೆ.

ಹೋದ ವಾರ ಊರಿಗೆ ಹೋಗಿದ್ದೆ. ಅವ್ವ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ನಿಧಾನಕ್ಕೆ ತನ್ನ ಗಲ್ಲ ಮುಟ್ಟಿಕೊಂಡು, "ಈ ಬಂಗು ನನಗ ನೀ ಹುಟ್ಟಿದಾಗಿಂದ ಐತಿ. ನಿನ್ನ ಜೆಲ್ ಇದಕ್ಕೂ ನಡೀತೈತೇನು?" ಅಂದಳು. ಎರಡೂ ಗಲ್ಲದ ಮೇಲೆ ಕಂದು ಬಣ್ಣದ ದೊಡ್ಡ ಮಚ್ಚೆ ಥರ ಇದೆ. ಇಷ್ಟು ವರ್ಷ ದಿನಾ ನೋಡಿದರೂ ನಾನು ಒಂದು ದಿನ ಕೇಳಿರಲಿಲ್ಲ. ಅವಳಿಗೆ ಏನು ಹಚ್ಚಬಹುದು?

ಚರ್ಮರೋಗ ವಿದ್ಯಾರ್ಥಿ (ಆಗಸ್ಟ್ 3, ರಾತ್ರಿ 11:00)

ನಿಮ್ಮ ಅಡಾಪಲೀನ್ ಅವರಿಗೆ ಕೊಡಬೇಡಿ. ಬಂಗಿಗೆ ಚಿಕಿತ್ಸೆ ಬೇರೆ, ನೋಡಿಯೇ ಹೇಳಬೇಕು, ಒಂದು ದಿನ ಒಪಿಡಿಗೆ ಕರ್ಕೊಂಡು ಬನ್ನಿ. ಅಷ್ಟರೊಳಗೆ ನಿಮ್ಮ ಸನ್‌ಸ್ಕ್ರೀನ್ ಅವರೂ ಹಚ್ಚಬಹುದು, ನಾಳೆಯಿಂದಲೇ. ಒಲೆಯ ಕಾವೂ ಬಂಗಿಗೆ ಆಗಲ್ಲ, ರೊಟ್ಟಿ ಮಾಡುವಾಗ ಕಿಟಕಿ ತೆಗೆದಿಟ್ಟು ಸ್ವಲ್ಪ ಹಿಂದೆ ಸರಿದು ಕೂರಲಿ. ಬರುವಾಗ ಅವರು ಇದುವರೆಗೆ ಹಚ್ಚಿದ ಟ್ಯೂಬ್ ಯಾವುದಾದರೂ ಮನೆಯಲ್ಲಿ ಇದ್ದರೆ, ಖಾಲಿ ಆಗಿದ್ದರೂ ಸರಿ, ತಗೊಂಡು ಬನ್ನಿ.